ಮಳೆ ಬಿಟ್ಟ ಮೇಲೆ ಕುದುರೆಮುಖ: ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕುದುರೆಮುಖಕ್ಕೆ ಯಾವಾಗ ಹೋಗಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ. ನವರಾತ್ರಿ ಮುಗಿದ ಮೇಲೆ, ಹುಲ್ಲು ಪೂರ್ತಿ ಒಣಗುವ ಮೊದಲು. ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಮಳೆಗಾಲದಲ್ಲಿ ಈ ಬೆಟ್ಟದ ಮೇಲೆ ಬೀಳುವ ನೀರು ಸಾಮಾನ್ಯದ್ದಲ್ಲ, ವರ್ಷಕ್ಕೆ ಸುಮಾರು 7000 ಮಿಲಿಮೀಟರ್. ಆಗ ಹೋದರೆ ದಾರಿಯೇ ಹಳ್ಳವಾಗಿರುತ್ತದೆ, ಮೇಲೆ ಹೋದರೂ ಬಿಳಿ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಫೆಬ್ರವರಿ ದಾಟಿತು ಅಂದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು. ನಡುವಿನ ಈ ಕೆಲವು ವಾರಗಳಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಹಳ್ಳಗಳಲ್ಲಿ ನೀರಿರುತ್ತದೆ, ಆದರೆ ದಾಟಬಹುದು. ಹುಲ್ಲು ಇನ್ನೂ ಹಸಿರಾಗಿರುತ್ತದೆ, ತುದಿ ಮಾತ್ರ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಬೆಳಗ್ಗೆ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ.

ಬೆಳಗ್ಗೆ ಅಂತ ಯಾಕೆ ಹೇಳಿದೆ ಅಂದರೆ, ಮಧ್ಯಾಹ್ನದ ಕಥೆ ಬೇರೆ. ಇದು ಹಿಂಗಾರಿನ ಕಾಲ. ಬೆಳಗ್ಗೆ ನೀಲಿಯಾಗಿದ್ದ ಆಕಾಶದಲ್ಲಿ ಎರಡು ಗಂಟೆ ಹೊತ್ತಿಗೆ ಗುಡುಗು ಶುರುವಾಗಬಹುದು. ಹಾಗಾಗಿ ಈ ಇಡೀ ಬರಹದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ ಮಾತು: ಕುದುರೆಮುಖ ಕಷ್ಟದ ಬೆಟ್ಟ ಅಲ್ಲ, ಉದ್ದದ ಬೆಟ್ಟ. ಹಗ್ಗ ಬೇಡ, ಬಂಡೆ ಹತ್ತುವ ಕೌಶಲ ಬೇಡ. ಆದರೆ ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್ ಇದೆ, ಎಂಟೊಂಬತ್ತು ಗಂಟೆ ಬೇಕು, ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೊತ್ತನ್ನು ಸರಿಯಾಗಿ ಲೆಕ್ಕ ಹಾಕಿದವರಿಗೆ ಈ ಬೆಟ್ಟ ತುಂಬಾ ಉದಾರಿ. ತಡವಾಗಿ ಹೊರಟವರಿಗೆ ಅಲ್ಲ.

ಮೊದಲು ಅನುಮತಿ, ಆಮೇಲೆ ಬಸ್ಸು

ಇದು ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಹರಡಿದೆ. ಸುಮ್ನೆ ಹೋಗಿ ಹತ್ತಿಬಿಡೋಣ ಅನ್ನುವಂತಿಲ್ಲ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಮುಗಿಬಿದ್ದರಲ್ಲ, ಆ ಮೇಲೆ ರಾಜ್ಯದ ಚಾರಣ ದಾರಿಗಳಿಗೆಲ್ಲ ಬುಕಿಂಗ್ ಬಿಗಿಯಾಯಿತು. ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ ಇಟ್ಟಿದ್ದಾರೆ. ಶನಿವಾರ, ಭಾನುವಾರ ಬೇಗ ತುಂಬುತ್ತವೆ, ದೀಪಾವಳಿ ಮತ್ತು ರಾಜ್ಯೋತ್ಸವದ ರಜೆ ಅಂತೂ ಕೇಳಲೇಬೇಡಿ. ಆಗುವುದಾದರೆ ಮಂಗಳವಾರವೋ ಬುಧವಾರವೋ ಹೋಗಿ. ಅದೇ ಬೆಟ್ಟ, ಆದರೆ ಶಬ್ದವೇ ಬೇರೆ.

ಬುಕ್ ಮಾಡುವಾಗ ಯಾವ ಗುರುತಿನ ಚೀಟಿಯ ನಂಬರ್ ಕೊಟ್ಟಿರುತ್ತೀರೋ ಅದರ ಅಸಲನ್ನೇ ಜೊತೆಗೆ ತನ್ನಿ. ಟಿಕೆಟ್ಟನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಒಂದು ಪ್ರಿಂಟ್ ಕೂಡ ಇರಲಿ. ಅಲ್ಲಿ ಸಿಗ್ನಲ್ ನಂಬಿಕೊಂಡು ಮೇಲ್ ತೆರೆಯಲು ಕೂತರೆ ಬೆಳಗಿನ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತದೆ. ಶುಲ್ಕ, ಗೈಡ್ ವ್ಯವಸ್ಥೆ, ಒಳಗೆ ಬಿಡುವ ಸಮಯ ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನ ಜಾಲತಾಣದಲ್ಲಿ ಇರುವುದನ್ನೇ ನಂಬಿ. ಮೂರು ವರ್ಷ ಹಿಂದೆ ಹೋಗಿಬಂದ ಗೆಳೆಯರ ಮಾತನ್ನಲ್ಲ. ಬೆಟ್ಟದ ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯುವಂತಿಲ್ಲ. ಯಾರಾದರೂ ವ್ಯವಸ್ಥೆ ಮಾಡಿಕೊಡುತ್ತೇನೆ ಅಂದರೆ ಅಂಥವರ ಸಹವಾಸವೇ ಬೇಡ.

ತಪ್ಪು ಊರಿಗೆ ಹೋಗಬೇಡಿ

ಫೋನಿನ ಮ್ಯಾಪಿನಲ್ಲಿ 'ಕುದುರೆಮುಖ' ಅಂತ ಹಾಕಿದರೆ ಅದು ಹೆಚ್ಚಾಗಿ ಕುದುರೆಮುಖ ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತದೆ. ಅದು ಹಳೆಯ ಗಣಿ ಕಂಪನಿಯ ಊರು. ಬೆಟ್ಟ ಹತ್ತುವ ದಾರಿ ಅಲ್ಲಿಲ್ಲ. ನೀವು ಹೋಗಬೇಕಾದ್ದು ಸಂಸೆ ಕಡೆಗೆ, ಕಳಸ ಮತ್ತು ಕುದುರೆಮುಖ ಪಟ್ಟಣದ ನಡುವಿನ ರಸ್ತೆಯಲ್ಲಿ. ಸಂಸೆ ಹತ್ತಿರದ ಬಾಳೆಗಲ್‌ನಿಂದ ಒಳಗೆ ಮುಳ್ಳೋಡಿ ಅಂತ ಒಂದು ಹಳ್ಳಿ ಇದೆ, ನಡಿಗೆ ಶುರುವಾಗುವುದು ಅಲ್ಲಿಂದ. ಹಿಂದೆ ಈ ಬೆಟ್ಟವನ್ನು ಸಂಸೆ ಪರ್ವತ ಅಂತಲೇ ಕರೆಯುತ್ತಿದ್ದರು. ಕುದುರೆಯ ಮುಖದ ಹಾಗೆ ಕಾಣುವ ಅಂಚು ಕೂಡ ಈ ಕಡೆಯಿಂದಲೇ ಕಾಣುವುದು.

ಬೆಂಗಳೂರಿನಿಂದ ಬರುವವರಿಗೆ ಹೊರನಾಡಿಗೆ ಹೋಗುವ ರಾತ್ರಿ ಬಸ್ಸು ಅನುಕೂಲ, ಕಳಸದಲ್ಲಿ ಇಳಿದರೆ ಆಯಿತು. ಸ್ವಂತ ಗಾಡಿಯಲ್ಲಾದರೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸ. ಮಂಗಳೂರು, ಉಡುಪಿ ಕಡೆಯವರಿಗೆ ಕಾರ್ಕಳದಿಂದ ಘಾಟಿ ಹತ್ತಿ ಬರುವ ದಾರಿ. ಆ ದಾರಿ ಉದ್ಯಾನದ ಒಳಗೇ ಹಾದು ಬರುತ್ತದೆ, ನಡುವೆ ಗಾಡಿ ನಿಲ್ಲಿಸಿ ತಿಂಡಿ ತಿನ್ನುವುದು, ಕೋತಿಗಳಿಗೆ ಬಿಸ್ಕತ್ತು ಹಾಕುವುದು ದಯವಿಟ್ಟು ಬೇಡ.

ಬಾಳೆಗಲ್‌ನಿಂದ ಮುಳ್ಳೋಡಿಗೆ ಆರೇಳು ಕಿಲೋಮೀಟರ್. ರಸ್ತೆ ಕಲ್ಲು, ಗುಂಡಿ, ಮಣ್ಣು. ಕಾರು ಹೋಗುವುದಿಲ್ಲ, ಹೋದರೂ ತಳ ಉಳಿಯುವುದಿಲ್ಲ. ಹೋಂಸ್ಟೇಯವರ ಜೀಪುಗಳೇ ಗತಿ. ನನ್ನ ಸಲಹೆ ಏನೆಂದರೆ ಹಿಂದಿನ ದಿನ ಸಂಜೆಯೇ ಬಂದು ಮುಳ್ಳೋಡಿಯಲ್ಲಿ ಅಥವಾ ಸಂಸೆಯಲ್ಲಿ ಉಳಿದುಕೊಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ನಿದ್ದೆ ಇಲ್ಲದೆ, ಬೆಳಗ್ಗೆ ಇಳಿದವರೇ ಜೀಪು ಹತ್ತಿ, ಒಂಬತ್ತು ಗಂಟೆಗೆ ನಡೆಯಲು ಶುರು ಮಾಡುವವರು ಬಹಳ ಜನ. ಕೊನೆಯ ಏರಿನಲ್ಲಿ ಕೂತುಬಿಡುವವರು, ಇಳಿಯುವಾಗ ಕಾಲು ತಿರುಚಿಕೊಳ್ಳುವವರು ಹೆಚ್ಚಾಗಿ ಅವರೇ. ಒಂದು ರಾತ್ರಿ ಹೆಚ್ಚು ಉಳಿದರೆ ಊಟಕ್ಕೆ ಕಡುಬೂ ಸಿಗುತ್ತದೆ, ಬೆಳಗ್ಗೆ ಕಾಲೂ ಹೇಳಿದ ಹಾಗೆ ಕೇಳುತ್ತದೆ.

ದೇಹ ತಯಾರಿದೆಯಾ?

ಹೋಗುವ ಒಂದು ತಿಂಗಳು ಮೊದಲು ಶುರು ಮಾಡಿ. ವಾರಕ್ಕೆ ನಾಲ್ಕು ದಿನ ಒಂದು ಗಂಟೆ ಬಿರುಸಾಗಿ ನಡೆಯಿರಿ, ಅದರಲ್ಲಿ ಎರಡು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದು ಮುಖ್ಯ, ಅದನ್ನು ಎಲ್ಲರೂ ಮರೆಯುತ್ತಾರೆ. ಹತ್ತುವಾಗ ಉಸಿರು ಸೋಲುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆ ಸೋತರೆ ನಿಂತರೂ ಸರಿಹೋಗುವುದಿಲ್ಲ. ಒಮ್ಮೆಯಾದರೂ ಬೆನ್ನಿಗೆ ಅದೇ ಬ್ಯಾಗು, ಕಾಲಿಗೆ ಅದೇ ಶೂ ಹಾಕಿಕೊಂಡು ನಾಲ್ಕು ಗಂಟೆ ನಡೆದು ನೋಡಿ.

20 ಕಿಲೋಮೀಟರ್ ಜಾಸ್ತಿ ಅನ್ನಿಸಿದರೆ ಅದರಲ್ಲಿ ನಾಚಿಕೆ ಏನಿಲ್ಲ. ಇದೇ ಉದ್ಯಾನದಲ್ಲಿ ಕುರಿಂಜಾಲ್, ಗಂಗಡಿಕಲ್ಲು ಇವೆ. ದೂರ ಕಡಿಮೆ, ಹುಲ್ಲುಗಾವಲು ಅಷ್ಟೇ ಚಂದ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವವರು ಅಲ್ಲಿಂದ ಶುರು ಮಾಡಲಿ.

ಬ್ಯಾಗಿನಲ್ಲಿ ಏನಿರಬೇಕು

ಎರಡು ಲೀಟರ್ ನೀರು ಹೊತ್ತುಕೊಂಡೇ ಹೊರಡಿ, ಸ್ಟೀಲಿನ ಬಾಟಲಿಯಲ್ಲಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಇದ್ದರೆ ತಪಾಸಣೆಯಲ್ಲಿ ತೊಂದರೆ. ದಾರಿಯಲ್ಲಿ ಹಳ್ಳಗಳು ಸಿಗುತ್ತವೆ, ನೀರು ಕನ್ನಡಿಯಂತಿರುತ್ತದೆ. ಆದರೂ ಮೇಲೆ ದನ, ಕಾಟಿ (ಕಾಡುಕೋಣ), ಕಡವೆ ಎಲ್ಲ ಓಡಾಡುವ ಜಾಗ ಅದು. ಸಣ್ಣ ಫಿಲ್ಟರ್ ಅಥವಾ ಕ್ಲೋರಿನ್ ಮಾತ್ರೆ ಇರಲಿ. ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಓಆರ್‌ಎಸ್ ಎರಡು ಪೊಟ್ಟಣ. ಬೆವರು ಹರಿದು ಬರೀ ನೀರು ಕುಡಿಯುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಊಟಕ್ಕೆ ಚಪಾತಿ, ಪಲ್ಯ ಅಥವಾ ಪುಳಿಯೋಗರೆ. ಹಿಂದಿನ ರಾತ್ರಿಯೇ ಹೋಂಸ್ಟೇಯಲ್ಲಿ ಹೇಳಿಟ್ಟರೆ ಬೆಳಗ್ಗೆ ಕಟ್ಟಿಕೊಡುತ್ತಾರೆ, ನಿಮ್ಮದೇ ಡಬ್ಬಿ ಕೊಡಿ. ಜೇಬಿನಲ್ಲಿ ಕಡಲೆ ಚಿಕ್ಕಿ, ಖರ್ಜೂರ, ಎರಡು ಕಿತ್ತಳೆ. ಕಿತ್ತಳೆ ಸಿಪ್ಪೆ ಮಣ್ಣಲ್ಲಿ ಮಣ್ಣಾಗುತ್ತದೆ ಅಂತ ಎಸೆಯಬೇಡಿ, ವಾಪಸ್ ತನ್ನಿ. ಬೆಟ್ಟದ ಮೇಲೆ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಅಲ್ಲಿಯ ಪ್ರಾಣಿಗಳಿಗೆ ನಮ್ಮ ಊಟದ ರುಚಿ ಹತ್ತುವುದೂ ಒಳ್ಳೆಯದಲ್ಲ.

ಮಳೆ ಜಾಕೆಟ್ ಕಡ್ಡಾಯ, ನವೆಂಬರ್ ಕೊನೆಯಾದರೂ ಸರಿ. ಛತ್ರಿ ಬೇಡ, ಮೇಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ತೆಳುವಾದ ಒಂದು ಉಣ್ಣೆ ಅಂಗಿ, ಟೋಪಿ, ತಲೆಗೆ ಕಟ್ಟುವ ಟಾರ್ಚು, ಸಿಳ್ಳೆ, ಬ್ಯಾಂಡೇಜು, ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜು, ಒಂದು ಜೊತೆ ಒಣ ಸಾಕ್ಸು. ಬಟ್ಟೆ ಜೀನ್ಸ್ ಆಗದಿರಲಿ, ಒದ್ದೆಯಾದರೆ ಒಣಗುವುದೇ ಇಲ್ಲ. ಶೂ ತಳದಲ್ಲಿ ಆಳವಾದ ಹಲ್ಲಿರಬೇಕು. ಹೊಸ ಶೂ ಈ ದಿನಕ್ಕೇ ಮೊದಲ ಸಲ ಹಾಕಬೇಡಿ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಕಪ್ಪಾಗುತ್ತದೆ.

ಇನ್ನು ಇಂಬಳ, ಅಂದರೆ ನೆಲದ ಜಿಗಣೆ. ಅಕ್ಟೋಬರ್‌ನಲ್ಲಿ ಇನ್ನೂ ಇರುತ್ತವೆ, ಶೋಲಾ ಕಾಡಿನ, ಅಂದರೆ ಹುಲ್ಲುಗಾವಲಿನ ನಡುವೆ ಕಣಿವೆಗಳಲ್ಲಿರುವ ಗಿಡ್ಡ ಮರಗಳ ದಟ್ಟ ಕಾಡಿನ, ಒದ್ದೆ ಎಲೆಗಳ ಮೇಲೆ. ಪ್ಯಾಂಟನ್ನು ಸಾಕ್ಸಿನ ಒಳಗೆ ತುರುಕಿ. ಮಲೆನಾಡಿನವರು ಸುಣ್ಣ, ಹೊಗೆಸೊಪ್ಪಿನ ಪುಡಿ ಕಾಲಿಗೆ ಹಚ್ಚುತ್ತಾರೆ, ಕೆಲಸ ಮಾಡುತ್ತದೆ. ಹತ್ತಿದ ಇಂಬಳವನ್ನು ಜಗ್ಗಿ ಕೀಳಬೇಡಿ. ಬೆರಳಿನ ಉಗುರನ್ನು ಚರ್ಮಕ್ಕೆ ಸಮವಾಗಿಟ್ಟು, ಅದರ ಸಣ್ಣ ತುದಿಯ ಬುಡಕ್ಕೆ ಪಕ್ಕದಿಂದ ನೂಕಿದರೆ ಹಿಡಿತ ಬಿಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ರಕ್ತ ಸೋರುವುದು ಸಹಜ, ಗಾಬರಿ ಬೇಡ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ ಸಾಕು.

ನಡಿಗೆ, ಹೊತ್ತಿನ ಲೆಕ್ಕದಲ್ಲಿ

ಐದಕ್ಕೆ ಏಳಿ. ತಿಂಡಿ ಹೊಟ್ಟೆ ಬಿರಿಯುವಷ್ಟು ಬೇಡ, ಎರಡು ನೀರ್ ದೋಸೆ, ಒಂದು ಬಾಳೆಹಣ್ಣು ಆದರೆ ಸಾಕು. ಆರೂವರೆ ಹೊತ್ತಿಗೆ ಬೆಳಕು ಬರುತ್ತದೆ, ಒಳಗೆ ಬಿಟ್ಟ ಕೂಡಲೇ ಹೊರಡಿ.

ಮೊದಲ ಒಂದು ಗಂಟೆ ಬೇಕೆಂದೇ ನಿಧಾನ ನಡೆಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಾ ನಡೆಯೋಕಾದರೆ ಅದು ಸರಿಯಾದ ವೇಗ. ಗದ್ದೆ ಬದಿ, ಕಾಡು, ಸಣ್ಣ ಹಳ್ಳ, ಮತ್ತೆ ಕಾಡು, ಹೀಗೆ ದಾರಿ ಏರುತ್ತದೆ. ಹಳ್ಳ ದಾಟುವಾಗ ಕಪ್ಪಗೆ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ, ಅದು ಪಾಚಿ. ಒಣ ಕಲ್ಲು ಇಲ್ಲದಿದ್ದರೆ ನೀರಿನೊಳಗೇ ಕಾಲಿಡಿ. ಶೂ ಒದ್ದೆಯಾದರೆ ಆಗಲಿ, ಸೊಂಟ ಮುರಿಯುವುದಕ್ಕಿಂತ ವಾಸಿ.

ಸುಮಾರು ಒಂದೂವರೆ ಗಂಟೆಯಲ್ಲಿ ಒಂಟಿಮರ ಸಿಗುತ್ತದೆ. ಬಯಲಿನಲ್ಲಿ ಒಂದೇ ಮರ, ಅಲ್ಲಿಂದ ಶಿಖರ ಎದುರಿಗೇ ಕಾಣುತ್ತದೆ. ಎಲ್ಲರೂ ಫೋಟೊ ತೆಗೆಯುವ ಜಾಗ. ಐದು ನಿಮಿಷ ಕೂತು ನೀರು ಕುಡಿದು ಮುಂದೆ ಹೊರಡಿ, ಅರ್ಧ ಗಂಟೆ ಕಳೆಯಬೇಡಿ. ಇಲ್ಲಿಂದ ಮುಂದೆ ತೆರೆದ ಹುಲ್ಲುಗಾವಲು ಮತ್ತು ಶೋಲಾ ಒಂದಾದ ಮೇಲೆ ಒಂದು ಬರುತ್ತವೆ. ಬಿಸಿಲಿನಲ್ಲಿ ಏರಿ ಬಂದವರಿಗೆ ಶೋಲಾದೊಳಗೆ ಕಾಲಿಟ್ಟ ಕೂಡಲೇ ತಣ್ಣಗಾಗುತ್ತದೆ. ಮರಗಳು ಎತ್ತರ ಇಲ್ಲ, ಗಾಳಿಗೆ ಗಿಡ್ಡಾಗಿ ಬಾಗಿವೆ, ಕಾಂಡದ ತುಂಬಾ ಪಾಚಿ. ಒಳಗೆ ಸುಮ್ಮನೆ ಒಂದು ನಿಮಿಷ ನಿಂತರೆ ನೀರಿನ ಸದ್ದು ಕೇಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಬೆಟ್ಟದ ಜೀವ ಇರುವುದೇ ಇಲ್ಲಿ. ಮಳೆಗಾಲದ ಅಷ್ಟೂ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ಮಣ್ಣು ಹಿಡಿದಿಟ್ಟುಕೊಂಡು ಬೇಸಿಗೆವರೆಗೂ ಸ್ವಲ್ಪಸ್ವಲ್ಪವೇ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದಲ್ಲಿದೆ. ದಾರಿಯಲ್ಲಿ ಕೆಸರಿದೆ ಅಂತ ಒಬ್ಬರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಹಿಂದಿನವರೂ ಅಲ್ಲೇ ಇಡುತ್ತಾರೆ. ಬಗ್ಗಿ ನೋಡಿ, ಹುಲ್ಲು ಸತ್ತ ಜಾಗದಲ್ಲಿ ಕೆಂಪು ಮಣ್ಣು ಬಾಯಿ ತೆರೆದಿರುತ್ತದೆ. ಮುಂದಿನ ಮಳೆಗೆ ಅದು ಚರಂಡಿಯಾಗುತ್ತದೆ, ಚರಂಡಿಯಲ್ಲಿ ನಡೆಯೋಕಾಗಲ್ಲ ಅಂತ ಜನ ಮತ್ತೆ ಪಕ್ಕಕ್ಕೆ ಹೋಗುತ್ತಾರೆ. ಹೀಗೆ ಒಂದು ಅಡಿಯ ದಾರಿ ಹತ್ತು ಅಡಿಯಾಗುತ್ತದೆ, ಮಣ್ಣು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಇದೇ ಕಾಡಿನಲ್ಲಿ ಕಬ್ಬಿಣದ ಅದಿರಿನ ಗಣಿ ನಡೆದಾಗ ಭದ್ರೆಗೆ ಸೇರಿದ ಹೂಳಿನ ವಿರುದ್ಧ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಬೆಟ್ಟವನ್ನು ನಮ್ಮ ಶೂ ಸವೆಸಬಾರದು, ಅಲ್ವಾ? ಕೆಸರಿದ್ದರೆ ಕೆಸರಿನಲ್ಲೇ ನಡೆಯಿರಿ. ಸಾಲಾಗಿ ನಡೆಯಿರಿ. ಅಡ್ಡದಾರಿ ಹಿಡಿಯಬೇಡಿ. ಅಂಕುಡೊಂಕಾಗಿ ತಿರುಗುವ ದಾರಿಯನ್ನು ನೇರ ಕತ್ತರಿಸಿ ಇಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಕೊನೆಯ ಏರು ಕಡಿದು. ದಾರಿ ಸಡಿಲ ಮಣ್ಣು, ನೆರಳಿಲ್ಲ. ಸಣ್ಣ ಹೆಜ್ಜೆ ಇಡಿ, ಪಾದ ಪೂರ್ತಿ ಊರಿ, ನಿಂತು ನಿಂತು ಓಡುವ ಬದಲು ನಿಲ್ಲದೆ ನಿಧಾನವಾಗಿ ಹೋಗಿ. ಮೇಲೆ ಹತ್ತಿರದಲ್ಲಿ ಹಳೆಯ ಚರ್ಚಿನದು ಅನ್ನುವ ಪಾಳುಗೋಡೆಗಳು ಸಿಗುತ್ತವೆ. ಗೋಡೆ ಹತ್ತಬೇಡಿ. ಅಲ್ಲಿಂದ ತುದಿ ದೂರವಿಲ್ಲ. ಶಿಖರ 1894 ಮೀಟರ್. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕರಾವಳಿ ಕಡೆಗೆ ಕುಸಿಯುತ್ತದೆ, ಆಕಾಶ ಸ್ವಚ್ಛವಿದ್ದ ದಿನ ಆ ಕಡೆ ಸಮುದ್ರದ ಗೆರೆ ಕಾಣುತ್ತದೆ. ಅಂಚಿಗೆ ಹೋಗಿ ಸೆಲ್ಫಿ ತೆಗೆಯುವ ಆಸೆ ಬಿಡಿ. ಅಂಚಿನ ಹುಲ್ಲಿನ ಕೆಳಗೆ ನೆಲ ಇದೆಯೋ ಇಲ್ಲವೋ ಮೇಲಿಂದ ಗೊತ್ತಾಗುವುದಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ಮೇಲಿದ್ದರೆ ಒಳ್ಳೆಯದು. ಹನ್ನೆರಡು ಗಂಟೆ ಕೊನೆಯ ಗಡುವು. ಅಷ್ಟರಲ್ಲಿ ಶಿಖರ ಮುಟ್ಟದಿದ್ದರೆ, ಇನ್ನು ಇಪ್ಪತ್ತೇ ನಿಮಿಷ ಅಂತ ಯಾರು ಹೇಳಿದರೂ ವಾಪಸ್ ತಿರುಗಿ. ಹೊರಡುವ ಮೊದಲೇ ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪಿಕೊಂಡಿರಬೇಕು. ಮೇಲೆ ಹೋಗಿ ಚರ್ಚೆ ಮಾಡಿದರೆ ಯಾವಾಗಲೂ ಆಸೆಯೇ ಗೆಲ್ಲುತ್ತದೆ.

ಗುಡುಗಿದರೆ

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತ. ಕೂಡಲೇ ಬೆಟ್ಟದ ಎತ್ತರದ ಏಣಿನಿಂದ ಕೆಳಗಿಳಿಯಿರಿ. ಒಂಟಿಮರದ ಕೆಳಗೆ ನಿಲ್ಲಲೇಬೇಡಿ, ಸುತ್ತ ಬಯಲು, ನಡುವೆ ಅದೊಂದೇ ಎತ್ತರ. ದಟ್ಟ ಶೋಲಾದೊಳಗೆ, ತಗ್ಗಿನಲ್ಲಿ, ಒಂದೇ ಎತ್ತರದ ಗಿಡ್ಡ ಮರಗಳ ನಡುವೆ ಇರುವುದು ಬಯಲಿಗಿಂತ ವಾಸಿ. ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲದೆ ದೂರ ದೂರ ಇರಿ. ಲೋಹದ ಕೋಲು ಪಕ್ಕಕ್ಕಿಡಿ. ಇಳಿಯಲು ಆಗದೇ ಹೋದರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ.

ಮಳೆ ಜೋರಾದ ಮೇಲೆ ಹಳ್ಳದ ಹತ್ತಿರ ಬಂದರೆ ನೀರಿನ ಬಣ್ಣ ನೋಡಿ. ಬೆಳಗ್ಗೆ ತಿಳಿಯಾಗಿದ್ದದ್ದು ಈಗ ಕೆಂಪಾಗಿ, ಎಲೆ ಕಡ್ಡಿ ಹೊತ್ತು ಬರುತ್ತಿದ್ದರೆ ದಾಟಬೇಡಿ. ಮಳೆ ನಿಂತರೆ ಇಂಥ ಸಣ್ಣ ಹಳ್ಳ ಬೇಗ ಇಳಿಯುತ್ತದೆ. ಕಾಯಿರಿ. ಟಾರ್ಚು ಇರುವುದು ಇದಕ್ಕೇ.

ಪ್ರಾಣಿಗಳ ಮನೆಯಲ್ಲಿ

ಹಾಡು ಹಾಕುವ ಸ್ಪೀಕರ್ ಮನೆಯಲ್ಲೇ ಇರಲಿ. ಇದು ಸಿಂಗಳೀಕಗಳ ಕಾಡು, ಅವು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹುಲಿ, ಚಿರತೆ, ಕರಡಿ ಇವೆ, ಕಾಣುವುದು ಅಪರೂಪ. ಕಾಟಿ ಸಿಗುವ ಸಾಧ್ಯತೆ ಜಾಸ್ತಿ. ಒಂಟಿ ಕಾಟಿ ದಾರಿಯಲ್ಲಿ ನಿಂತಿದ್ದರೆ ಗದ್ದಲ ಮಾಡದೆ ನಿಧಾನವಾಗಿ ಹಿಂದೆ ಸರಿಯಿರಿ, ಅದು ಹೋಗುವವರೆಗೆ ಕಾಯಿರಿ, ಗೈಡ್ ಹೇಳಿದಂತೆ ಕೇಳಿ.

ಹಾವಿನ ಬಗ್ಗೆ ಒಂದು ಮಾತು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಈ ಕಾಡಿನ ಕಾಳಿಂಗಕ್ಕೆ, ಮಲಬಾರ್ ಗುಳಿಮಂಡಲಕ್ಕೆ ಅಲ್ಲ. ಹಾಗಾಗಿ ಕೈ ಇಡುವ ಕಲ್ಲು, ಕೂರುವ ಜಾಗ, ಹಿಡಿಯುವ ಕೊಂಬೆ ಮೂರನ್ನೂ ನೋಡಿಯೇ ಮುಂದುವರಿಯಿರಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಗಡಿಯಾರ ತೆಗೆಯಿರಿ, ಆ ಕೈ ಅಥವಾ ಕಾಲು ಅಲುಗದ ಹಾಗೆ ಕಟ್ಟಿಗೆ ಇಟ್ಟು ಕಟ್ಟಿ, ನಡೆಸದೆ ಹೊತ್ತುಕೊಂಡು ಇಳಿಸಿ. ಸಿಗ್ನಲ್ ಸಿಕ್ಕ ಕೂಡಲೇ 108 ಅಥವಾ 112.

ಇಳಿದ ಮೇಲೆ

ಇಳಿಯುವ ಮೊದಲು ಶೂ ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿಕೊಳ್ಳಿ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಓಡಬೇಡಿ. ಗುಂಪಿನಲ್ಲಿ ತೀರಾ ನಿಧಾನ ಇರುವವರು ಮುಂದೆ, ಗಟ್ಟಿಗರು ಹಿಂದೆ. ನಾಲ್ಕು ನಾಲ್ಕೂವರೆಗೆ ಮುಳ್ಳೋಡಿ ತಲುಪಿದರೆ ಜೀಪು ಹಿಡಿದು ಕಳಸದ ರಾತ್ರಿ ಬಸ್ಸಿಗೆ ಆರಾಮಾಗಿ ಹೋಗಬಹುದು.

ಬಸ್ಸು ಹತ್ತುವ ಮೊದಲು ಬಿಸಿನೀರಿನ ಸ್ನಾನ ಮಾಡಿ, ಹಾಕಿದ್ದ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ. ಇದು ಸುಸ್ತು ಕಳೆಯಲಿಕ್ಕೆ ಮಾತ್ರ ಅಲ್ಲ. ಮಂಗನ ಕಾಯಿಲೆ ಹರಡುವ ಉಣುಗುಗಳು ಮಲೆನಾಡಿನಲ್ಲಿ ನವೆಂಬರ್‌ನಿಂದ ಜಾಸ್ತಿಯಾಗುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಉಣುಗು ಎಳ್ಳಿಗಿಂತ ಸಣ್ಣದಿರಬಹುದು. ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಸಿಕ್ಕರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಹೋಗುವ ಮೊದಲೇ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ವಾಪಸ್ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸುಸ್ತಿನ ಜ್ವರ ಅಂತ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಹತ್ತಿರ ಹೋಗಿ, ಮಲೆನಾಡಿನ ಕಾಡಿಗೆ ಇಂಥ ದಿನ ಹೋಗಿದ್ದೆ ಅಂತ ಮೊದಲೇ ಹೇಳಿಬಿಡಿ. ನೀವು ಹೇಳದಿದ್ದರೆ ದೂರದ ಊರಿನ ವೈದ್ಯರಿಗೆ ಆ ಕಡೆ ಯೋಚನೆಯೇ ಹೋಗದಿರಬಹುದು.